ಹದಿಮೂರರಲ್ಲಿ ಮೂರು ಕಳೆದರೆ

"ಹಿಮೋಗ್ಲೋಬಿನ್ ಹದಿಮೂರು! ಇನ್ನೇನ್ ಬೇಕು? ನಾಳೆ ಬೆಳಿಗ್ಗೆನೇ ಆಪರೇಷನ್," ಎಂದರು ಡಾಕ್ಟರ್ ರಿಬೆರಾ. ಸಾಂತಾ ಕ್ರೂಸ್‌ನ ಬಯಲುಸೀಮೆಯಿಂದ ಅವರು ನಾಲ್ಕು ಸಾವಿರ ಮೀಟರ್ ಎತ್ತರದ ಎಲ್ ಆಲ್ತೊಗೆ ಬಂದು ಒಂಬತ್ತೇ ದಿನ. ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು.

ನರ್ಸ್ ನೀವೆಸ್ ಕದಲಲಿಲ್ಲ. "ಅದು ನಿಮ್ಮೂರ ಲೆಕ್ಕ ಡಾಕ್ಟ್ರೇ. ಇಷ್ಟು ಎತ್ತರದಲ್ಲಿ ಗಾಳಿ ತೆಳು, ಅದಕ್ಕೇ ಎಲ್ಲರ ರಕ್ತನೂ ಗಟ್ಟಿ. ಮೂರು ಕಳೀಬೇಕು. ಇವರದ್ದು ಬರೀ ಹತ್ತು."

ಹಾಸಿಗೆಯಲ್ಲಿದ್ದ ಸತುರ್ನಿನಾ ಸಂತೆಯಲ್ಲಿ ಆಲೂಗಡ್ಡೆ ಮಾರುವವಳು. ಈಗ ಗಡ್ಡೆ ಗರ್ಭಕೋಶದಲ್ಲೇ ಬೆಳೆದು ತಿಂಗಳುಗಟ್ಟಲೆ ರಕ್ತ ಸುರಿಸುತ್ತಿತ್ತು. ಅವಳದ್ದು ಓ ನೆಗೆಟಿವ್. ಇಲ್ಲಿನ ಪದ್ಧತಿಯಂತೆ ರಕ್ತ ಕೊಡಲು ಹನ್ನೊಂದು ಮಂದಿ ನೆಂಟರು ಸಾಲುಗಟ್ಟಿ ಬಂದಿದ್ದರು, ಒಬ್ಬರದ್ದೂ ಹೊಂದಲಿಲ್ಲ. ರಕ್ತನಿಧಿಯಲ್ಲಿದ್ದದ್ದು ಒಂದೇ ಚೀಲ.

"ಮೂರು ವಾರ ಕೊಡಿ. ನರಕ್ಕೆ ಕಬ್ಬಿಣದಂಶ ಹಾಕೋಣ," ಎಂದಳು ನೀವೆಸ್.

"ಅಷ್ಟರೊಳಗೆ ರಕ್ತ ಕಟ್ಟೆಯೊಡೆದ್ರೆ ಯಾರಮ್ಮಾ ಜವಾಬ್ದಾರಿ?"

"ನಾನೇ," ಎಂದುಬಿಟ್ಟಳು.

ಡಾಕ್ಟರು ಒಪ್ಪಿ, ಸ್ರಾವ ತಡೆಯುವ ಮಾತ್ರೆಯನ್ನೂ ಬರೆದುಕೊಟ್ಟು ಹೊರನಡೆದರು. ಕೂಡಲೇ ಸತುರ್ನಿನಾ ಬಯಲುಸೀಮೆಯವರ ಹಾಗೆ ಕೊನೆಯಕ್ಷರ ನುಂಗುತ್ತ, ನಡುವೆ ಏದುಸಿರು ಬಿಡುತ್ತ ಶುರುಮಾಡಿದಳು: "ಹದಿಮೂ... ಉಫ್... ಇನ್ನೇನ್ ಬೇ...!" ವಾರ್ಡೆಲ್ಲ ಬಿದ್ದು ಬಿದ್ದು ನಕ್ಕಿತು. ನೀವೆಸ್‌ಗೆ ನಗು ಬರಲಿಲ್ಲ.

ಕರಿ ಕಾಫಿ ಬಣ್ಣದ ಔಷಧಿ ಸತುರ್ನಿನಾಳ ನರಕ್ಕೆ ಹನಿಹನಿಯಾಗಿ ಇಳಿಯಿತು. "ಮೊಳೆ ಕರಗಿಸಿ ಹಾಕ್ತಿದ್ದೀಯಾ ಮಗಳೇ? ಇನ್ಮೇಲೆ ಮಳೇಲಿ ನೆನೆದ್ರೆ ತುಕ್ಕು ಹಿಡೀತೀನಿ!" ಮನೆಗೆ ಹೋಗಿದ್ದವಳು ಹನ್ನೆರಡನೇ ದಿನ ಮೂಟೆಯಂತೆ ಸುತ್ತಿದ ಶಾಲಿನೊಳಗೆ ನಡುಗುತ್ತ ತಾನೇ ಬಂದಳು. ಮತ್ತೆ ಸ್ರಾವ. ನೀವೆಸ್ ಕೂಡಲೇ ರಕ್ತ ಪರೀಕ್ಷೆ ಮಾಡಿಸಿದಳು. ಅಂಕಿ ಇಳಿದಿರಲಿಲ್ಲ. ಮೂರನೇ ವಾರಕ್ಕೆ ಹದಿನೈದು. ಮೂರು ಕಳೆದರೆ ಹನ್ನೆರಡು.

ಆಪರೇಷನ್ ದಿನ ಹೊಟ್ಟೆ ತೆರೆದು ಕಾಲು ಗಂಟೆಯಾಗಿರಲಿಲ್ಲ, ರಕ್ತನಿಧಿಯಿಂದ ಫೋನು. ಹೆರಿಗೆ ಕೋಣೆಯಲ್ಲಿ ಒಬ್ಬಳ ಜೀವ ಹೋಗುತ್ತಿದೆ, ಅವಳದ್ದೂ ಓ ನೆಗೆಟಿವ್. ಸತುರ್ನಿನಾಳ ಹೆಸರಲ್ಲಿ ಎತ್ತಿಟ್ಟ ಚೀಲ ಕೊಡಬಹುದೇ?

ಡಾಕ್ಟರು ನೀವೆಸ್‌ಳ ಮುಖ ನೋಡಿದರು. ಅವಳು ಗೋಡೆಯ ಹಲಗೆಯ ಮೇಲಿನ ಹದಿನೈದನ್ನು ನೋಡಿದಳು.

"ಕೊಟ್ಬಿಡಿ."

ಡಾಕ್ಟರು ತಲೆಯಾಡಿಸಿದರು. ಆಮೇಲೇ ಗಡ್ಡೆಯ ಬುಡದ ರಕ್ತನಾಳ ಜಾರಿತು. ರಕ್ತ ಹೀರುವ ಜಾಡಿಯಲ್ಲಿ ಕೆಂಪು ಏರತೊಡಗಿತು. ಐನೂರು ಮಿಲಿ. ಏಳುನೂರು.

"ಕ್ಲ್ಯಾಂಪ್ ಕೊಡಮ್ಮಾ, ಇನ್ನೊಂದು!" ಡಾಕ್ಟರ ಕನ್ನಡಕದ ಮೇಲೆ ಬೆವರು. ಒಂಬೈನೂರು. ಕೊಟ್ಟುಬಿಟ್ಟ ಚೀಲಕ್ಕಾಗಿ ಯಾರೂ ಫೋನು ಮಾಡಲಿಲ್ಲ. ಕೊನೆಗೆ ಕ್ಲ್ಯಾಂಪ್ ರಕ್ತನಾಳವನ್ನು ಕಚ್ಚಿಕೊಂಡಿತು. ರಕ್ತ ನಿಂತಿತು. ನಾಡಿ ಓಡುತ್ತಿತ್ತು, ಆದರೆ ತಪ್ಪಲಿಲ್ಲ.

ಮರುದಿನ ಡಾಕ್ಟರು ವರದಿ ಹಿಡಿದು ಹಾಸಿಗೆಯ ಬಳಿ ನಿಂತರು. "ಹನ್ನೆರಡೂವರೆ... ಅಂದ್ರೆ, ಒಂಬತ್ತೂವರೆ. ಸಾಕು. ರಕ್ತ ಬೇಡ." ವರದಿಯನ್ನು ನೀವೆಸ್‌ಳ ಕೈಗಿತ್ತು ಸೇರಿಸಿದರು: "ಅವತ್ತೇ ಕೊಯ್ದಿದ್ರೆ ಇದು ಏಳೂವರೆ ಆಗಿರ್ತಿತ್ತು. ಇದ್ದೊಂದು ಚೀಲ ಇವರಿಗೇ ಬೇಕಾಗ್ತಿತ್ತು, ನಿನ್ನೆ ಬಾಣಂತಿಗೆ ಕೊಡೋಕೆ ಉಳೀತಿರ್ಲಿಲ್ಲ."

"ಆ ಬಾಣಂತಿ?" ಸತುರ್ನಿನಾ ಕ್ಷೀಣವಾಗಿ ಕೇಳಿದಳು.

"ಮಗೂಗೆ ಹಾಲು ಕುಡಿಸ್ತಿದ್ದಾಳೆ."

ಸತುರ್ನಿನಾ ಕಣ್ಣು ಮುಚ್ಚಿಕೊಂಡೇ ಸೊಂಟದ ಮೇಲೆ ಕೈಯಿಟ್ಟು, ಥೇಟ್ ನೀವೆಸ್‌ಳ ಗಡಸು ದನಿಯಲ್ಲಿ ಹೇಳಿದಳು: "ಮೂರು ಕಳೀಬೇಕು ಡಾಕ್ಟ್ರೇ!"

ನೀವೆಸ್ ಮಂಚದ ಅಂಚಿಗೆ ಕುಳಿತು, ಮೂರು ವಾರದ ನಗುವನ್ನೆಲ್ಲ ಒಟ್ಟಿಗೆ ನಕ್ಕಳು.