ಲೇತಿಗೆ ಸಿಗದ ಹಾಗೆ

ಹರಿಹರದ ಆ ದೊಡ್ಡ ಯಂತ್ರ ಕಾರ್ಖಾನೆಯಲ್ಲಿ ಕರಿಬಸವರಾಜನಿಗೆ ಅದು ಮೊದಲ ದಿನ. ಬೇಸಿಗೆಯ ಎರಡು ತಿಂಗಳು ಕೆಲಸ ಕಲಿಯಲೆಂದು ಕಾಲೇಜಿನಿಂದ ಆರು ಹುಡುಗರನ್ನು ಆರಿಸಿ ಕಳಿಸಿದ್ದರು. ಕಬ್ಬಿಣ ಕಡೆಯುವ ಲೇತಿನ ಮೇಲೆ ಹುಡುಗ ಕೈಯಾರೆ ದುಡಿದನೆಂದು ಮೇಸ್ತ್ರಿ ಕಾಗದ ಬರೆದುಕೊಟ್ಟರೆ ಮಾತ್ರ ಮುಂದಿನ ವರ್ಷದ ಪಾಠ, ಇಲ್ಲದಿದ್ದರೆ ಇಲ್ಲ. ಅವನು ದಾವಣಗೆರೆಯ ವಿನೋಬನಗರದ ಮನೆಯಲ್ಲಿ ನಸುಕಿಗೇ ಎದ್ದು, ಲಿಂಗಪೂಜೆ ಮುಗಿಸಿ, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ರೈಲು ಹತ್ತಿದ್ದ.

ಮೇಸ್ತ್ರಿ ಮಸ್ತಾನಸಾಬ್ ಹುಡುಗರನ್ನು ಬಾಗಿಲಲ್ಲೇ ನಿಲ್ಲಿಸಿದ.

"ಕೊಳ್ಳಾಗ ಏನೇನೈತೋ ಎಲ್ಲಾ ಬಿಚ್ಚಿಡ್ರಪ್ಪ. ಸರ, ದಾರ, ತಾಯಿತ, ಮಾವ ಹಾಕಿದ ಚೈನು."

"ಇನ್ನೂ ಮದ್ವಿನೇ ಆಗಿಲ್ರಿ ಮೇಸ್ತ್ರಿ," ಎಂದ ಒಬ್ಬ ಹುಡುಗ.

"ಹಂಗಾರ ಆಗೋತನಕ ಕೊಳ್ಳು ಉಳಿಸ್ಕೋ."

ಎಲ್ಲರೂ ನಕ್ಕು ಬಿಚ್ಚಿಟ್ಟರು. ಕರಿಬಸವರಾಜ ಮಾತ್ರ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಹಿಡಿದು ನಿಂತ.

"ಲಿಂಗ ರೀ. ಮೈಮ್ಯಾಲಿಂದ ತೆಗಿಯಂಗಿಲ್ಲ."

"ತೆಗಿ ಅಂತ ನಾ ಹೆಂಗೆ ಹೇಳ್ಲಪ್ಪ? ಅದು ನಿಮ್ಮ ದೇವ್ರು. ಆದ್ರೆ ಕೊಳ್ಳಾಗ ಜೋತಾಡಬಾರ್ದು. ನೀ ಬಗ್ಗಿದಾಗ ದಾರ ಸಿಕ್ತು ಅಂದ್ರೆ ಲೇತು ನಿನ್ನ ತಲಿನೂ ಎಳಕೊಂತೈತೆ. ಬ್ಯಾಡಂದ್ರೆ ಉಗ್ರಾಣದಾಗ ಕುಂತು ಬೋಲ್ಟು ಜೋಡ್ಸು. ಲೇತಿನ ಕಾಗದ ಮಾತ್ರ ನಾ ಬರಿಯಂಗಿಲ್ಲ."

ಉಳಿದ ಐವರು ಆಗಲೇ ಒಳಗೆ ಹೋಗುತ್ತಿದ್ದರು. ಕರಿಬಸವರಾಜ ನೀರಿನ ತೊಟ್ಟಿಯ ಮರೆಗೆ ಓಡಿ, ಶಿವದಾರವನ್ನು ಕರಡಿಗೆಯ ಸಮೇತ ಕೊರಳಿನಿಂದ ಇಳಿಸಿ ನಡುವಿಗೆ ಬಿಗಿಯಾಗಿ ಸುತ್ತಿ, ಮೇಲೆ ಅಂಗಿ ಎಳೆದುಕೊಂಡು ಬಂದ. ಲಿಂಗ ಹೊಕ್ಕುಳಿನ ಕೆಳಗೆ ಇಳಿಯಬಾರದೆಂಬುದು ಅವರ ಮನೆಗಳಲ್ಲಿ ಎಳೆಯ ಮಗುವಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಆ ಗಳಿಗೆಯಲ್ಲಿ ಅವನ ಕಣ್ಣ ಮುಂದೆ ಇದ್ದದ್ದು ಕಾಗದವೊಂದೇ.

ಅಂದು ಅವನ ಕೈಯಲ್ಲಿ ಕಬ್ಬಿಣ ಚಕ್ಕುಲಿ ಒತ್ತಿದ ಹಾಗೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. "ಕೈ ಚಲೋ ಐತೆ," ಎಂದ ಮಸ್ತಾನಸಾಬ್. ಹುಡುಗನಿಗೆ ಹಿಗ್ಗಾಗಲಿಲ್ಲ. ಬಗ್ಗಿದಾಗಲೆಲ್ಲ ಕರಡಿಗೆ ನಡುವಿಗೆ ಒತ್ತುತ್ತಿತ್ತು.

ಸಂಜೆ ಮನೆಗೆ ಬಂದಾಗ ತಾಯಿ ಗುರುಶಾಂತಮ್ಮ ಪೂಜೆಗೆ ವಿಭೂತಿ, ಪತ್ರೆ ಇಟ್ಟು ಕಾದಿದ್ದಳು. ಮೈತೊಳೆದು ಬಂದ ಮಗನ ಬರಿಗೊರಳನ್ನು ನೋಡಿದಳು. ಅವನ ಕೈ ನಡುವಿಗೆ ಹೋದದ್ದನ್ನೂ ನೋಡಿದಳು.

"ನಡಕ್ಕ ಕಟ್ಟಿದ್ಯೇನೋ?"

"ಕೊಳ್ಳಾಗಿದ್ರೆ ಲೇತಿಗೆ ಸಿಗ್ತೈತಂತವ್ವ. ಒಳಗ ಬಿಡಂಗಿಲ್ಲ."

"ಸಿಗ್ತೈತಂತ ಗೊತ್ತಿದ್ದೂ ಅಲ್ಲಿಗೇ ಹೋಗ್ತಿ. ನಿಮ್ಮಪ್ಪಗೂ ಗೊತ್ತಿತ್ತು."

ಅವನ ತಂದೆ ಕಲ್ಲೇಶಪ್ಪ ಹತ್ತಿಯ ಗಿರಣಿಯಲ್ಲಿದ್ದವನು. ನಾಲ್ಕು ವರ್ಷದ ಹಿಂದೆ ಹೆಗಲ ಮೇಲಿನ ವಲ್ಲಿ ಯಂತ್ರದ ಬೆಲ್ಟಿಗೆ ಸಿಕ್ಕಿ, ಕೂಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಾಡಿಯಲ್ಲಿ ತಂದು ಇಳಿಸಿದಾಗ ಎದೆಯ ಮೇಲಿನ ಲಿಂಗ ಎದೆಯ ಮೇಲೆಯೇ ಇತ್ತು. ಅದೊಂದನ್ನೇ ಹಿಡಿದುಕೊಂಡು ಗುರುಶಾಂತಮ್ಮ ಈ ನಾಲ್ಕು ವರ್ಷ ಕಳೆದಿದ್ದಳು. ಶಿವ ಕೊಟ್ಟದ್ದನ್ನು ಶಿವ ಕರೆದುಕೊಂಡ ಎಂಬ ಮಾತು ಬಾಯಿಗೆ ಬಂದಷ್ಟು ಬೇಗ ಎದೆಗೆ ಇಳಿಯುವುದಿಲ್ಲ.

ಮಗ ತಪ್ಪಾಯಿತೆಂದು ಅಡ್ಡಬಿದ್ದು ಪೂಜೆಗೆ ಕೂತ. ಪೂಜೆ ಮುಗಿದ ಮೇಲೆ ಅವಳು ಎಡೆಗೆ ಅನ್ನ ಬಡಿಸುತ್ತಾ ಹೇಳಿದಳು:

"ನಾಳೆ ನಾನೂ ಬರ್ತೀನಿ, ನಿನ್ನ ಲೇತು ನೋಡಾಕ. ನೋಡಿ ಆಮ್ಯಾಲೆ ಹೇಳ್ತೀನಿ, ಹೋಗ್ಬೇಕೋ ಬ್ಯಾಡೋ."

"ಹುಡುಗ್ರು ನಗ್ತಾರವ್ವ."

"ನಗ್ಲಿ ಬಿಡು. ಜನ ಅತ್ತಿದ್ದು ನೋಡ್ದಾಕಿಗೆ ನಕ್ಕಿದ್ದು ನೋಡೋದೇನು ಕಷ್ಟ?"

ಮರುದಿನ ಕಾರ್ಖಾನೆಯ ಗೇಟಿಗೆ ತಾಯಿ ಮಗ ಇಬ್ಬರೂ ಬಂದರು. ಮಸ್ತಾನಸಾಬ್ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಳ್ಳುತ್ತಾ ಎದುರಾದ.

"ಸಾಬ್ರೆ, ಮೊದ್ಲು ಆ ವಲ್ಲಿ ಕೆಳಗ ಇಡ್ರಿ," ಎಂದಳು ಗುರುಶಾಂತಮ್ಮ.

"ಇದು ಹೊರಗಷ್ಟೇ ತಾಯಿ. ಒಳಗ ಹೋಗುವಾಗ ತೆಗೀತೀನಿ."

"ನಮ್ಮ ಮನಿಯವರೂ ಹಂಗೇ ಅಂತಿದ್ರು."

ಮಸ್ತಾನಸಾಬನಿಗೆ ಅರ್ಥವಾಯಿತು. ವಲ್ಲಿಯನ್ನು ಮಡಿಸಿ ಕಾವಲಿನವನ ಸ್ಟೂಲಿನ ಮೇಲಿಟ್ಟ. ಕಾವಲಿನವನಿಗೆ ಒಂದು ಮಾತು ಹೇಳಿ ತಾಯಿ ಮಗನನ್ನು ಯಂತ್ರಗಳ ಶೆಡ್ಡಿನ ಬಾಗಿಲವರೆಗೂ ಕರೆದೊಯ್ದ. ಸೈರನ್ ಆಗಲು ಇನ್ನೂ ಹೊತ್ತಿತ್ತು. ಅವಳಿಗೆಂದೇ ಒಂದು ಲೇತನ್ನು ತಿರುಗಿಸಿ ತೋರಿಸಿದ. ಗಂಡ ದುಡಿದ ಯಂತ್ರವನ್ನು ಗುರುಶಾಂತಮ್ಮ ಒಮ್ಮೆಯೂ ನೋಡಿರಲಿಲ್ಲ. ಅದಕ್ಕೆ ಮನಸ್ಸಿನಲ್ಲಿ ಬಾಯಿ, ಹಲ್ಲು ಎಲ್ಲ ಮೂಡಿಸಿಕೊಂಡಿದ್ದಳು. ಇದಕ್ಕೆ ಅವು ಯಾವುವೂ ಇರಲಿಲ್ಲ. ಒಂದು ಕಬ್ಬಿಣದ ತುಂಡು ಸುಮ್ಮನೆ ತಿರುಗುತ್ತಿತ್ತು.

"ಇದು ಏನನ್ನ ಹಿಡೀತೈತೆ?"

"ಜೋತಾಡೋದನ್ನ, ತಾಯಿ. ಮೈಗೆ ಬಿಗಿಯಾಗಿ ಅಂಟಿಕೊಂಡಿದ್ರೆ ಭಯ ಇಲ್ಲ."

ಅವಳು ಮಗನ ಎದೆಯನ್ನೊಮ್ಮೆ, ತೋಳನ್ನೊಮ್ಮೆ ನೋಡಿದಳು. "ಅಂಗದ ಮ್ಯಾಲೆ ಇರ್ಬೇಕಂದಾರೆ ಹಿರಿಯರು. ಜೋತಾಡ್ಬೇಕು ಅಂದಿಲ್ಲ. ತಲಿ, ಕೊಳ್ಳು, ಎದಿ, ತೋಳು, ಎಲ್ಲಾ ಆತನ ಜಾಗನೇ. ಕೆಳಗೆ ಮಾತ್ರ ಬ್ಯಾಡ. ತೋಳಿಗೆ ಕಟ್ಟಿದ್ರೆ ಹೆಂಗೆ?"

ಮಸ್ತಾನಸಾಬ್ ತನ್ನ ತೋಳು ಮಡಿಚಿ ತೋರಿಸಿದ. ಮೊಣಕೈಗಿಂತ ಮೇಲೆ ತಾಯಿತವೊಂದು ಚರ್ಮಕ್ಕೆ ಕಚ್ಚಿಕೊಂಡಿತ್ತು. "ಇಪ್ಪತ್ತು ವರ್ಷ ಆತು. ನಿಮ್ಮ ಹುಡುಗ ಒಂದ್ಮಾತು ಕೇಳಿದ್ರೆ ನಿನ್ನೇನೇ ಹೇಳ್ತಿದ್ದೆ."

"ಕೇಳೋ ಬುದ್ಧಿ ಇದ್ದಿದ್ರೆ ಕಾಲೇಜಿಗೆ ಯಾಕ ಹೋಗ್ತಿದ್ದ ಬಿಡ್ರಿ."

ಅವಳು ಲಿಂಗವನ್ನು ಕರಡಿಗೆಯಿಂದ ತೆಗೆದು, ಶಿವದಾರದ ಸಮೇತ ಬಿಳಿಯ ಪಾವುಡದ ಬಟ್ಟೆಯಲ್ಲಿ ಸುತ್ತಿ, ಮಗನ ಎಡತೋಳಿಗೆ ಕಟ್ಟಿದಳು. ಬರಿದಾದ ಬೆಳ್ಳಿ ಕರಡಿಗೆಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡಳು.

"ಕಟ್ಟಿನೊಳಗ ಬೆರಳು ಹೋಗ್ತೈತೇನು ನೋಡ್ರಿ ತಾಯಿ. ನಾ ಮುಟ್ಟಂಗಿಲ್ಲ," ಎಂದ ಮಸ್ತಾನಸಾಬ್, ಒಂದು ಹೆಜ್ಜೆ ಹಿಂದೆ ಸರಿದು.

ಬೆರಳು ಹೋಯಿತು. ಅವಳು ಬಿಚ್ಚಿ ಮತ್ತೆ ಕಟ್ಟಿದಳು.

"ನೋವಾಗ್ತೈತವ್ವ."

"ಆಗ್ಲಿ."

ಈ ಸಲ ಬೆರಳು ಹೋಗಲಿಲ್ಲ. ಅಂಗಿಯ ತೋಳನ್ನು ಅದರ ಮೇಲೆ ಎಳೆದು ಗುಂಡಿ ಹಾಕಿದಳು. ಸೈರನ್ ಆಯಿತು. ಹುಡುಗರು ಒಳಗೆ ಬಂದರು. ಒಬ್ಬ ನಕ್ಕ, ಮಸ್ತಾನಸಾಬ್ ದಿಟ್ಟಿಸಿದ ಮೇಲೆ ಸುಮ್ಮನಾದ.

"ಇನ್ನ ಹೊಂಡ್ರಿ ತಾಯಿ, ರೈಲಿನ ಹೊತ್ತಾತು."

"ಒಂದೀಟು ತಡೀರಿ."

ಕರಿಬಸವರಾಜ ಲೇತಿನ ಮುಂದೆ ಬಗ್ಗಿದ. ಗುರುಶಾಂತಮ್ಮ ಕಣ್ಣು ಮುಚ್ಚಿ ಶಿವ ಶಿವಾ ಎಂದಳು. ಕಬ್ಬಿಣದ ಮೊದಲ ಕಿರುಚು ಕೇಳಿಸಿತು, ಆಮೇಲೆ ಅದು ಒಂದೇ ಸಮನಾದ ಸದ್ದಾಯಿತು. ಕಣ್ಣು ತೆರೆದಳು. ಮಗ ಬಗ್ಗಿಯೇ ಇದ್ದ, ಅವನ ಮೈಯಿಂದ ಏನೂ ಜೋತುಬಿದ್ದಿರಲಿಲ್ಲ.

"ಸಂಜೀಗೆ ಬರೋಬ್ಬರಿ ಹೊತ್ತಿಗೆ ಬಂದುಬಿಡು ಅಂತ ಅವಂಗ ಹೇಳ್ರಿ," ಎಂದು ಸೆರಗು ಹೊದ್ದುಕೊಂಡು ಸ್ಟೇಷನ್ನಿನ ಕಡೆ ನಡೆದಳು.