ಟವೆಲ್ ಮರೆಯ ನೋವು

ದೇವದುರ್ಗದ ದನದ ಸಂತೆಯಲ್ಲಿ ಕನಕಪ್ಪ ನಲವತ್ತು ವರ್ಷದಿಂದ ದಲ್ಲಾಳಿ. ಇಷ್ಟು ವರ್ಷದಲ್ಲಿ ಒಂದೇ ಒಂದು ಎತ್ತಿನ ಖರೇ ಬೆಲೆ ಅವನ ಬಾಯಿಂದ ಹೊರಬಿದ್ದದ್ದಿಲ್ಲ. ಬಾಯಿ ಇರುವುದು ಎಲೆ ಅಡಿಕೆಗೆ, ಲೆಕ್ಕ ಹೇಳುವುದಕ್ಕೆ ಬೆರಳಿವೆ ಎನ್ನುವುದು ಅವನ ಮತ. ಹೆಗಲ ಮೇಲಿನ ಟವೆಲ್ಲನ್ನು ಎದುರಿನವನ ಕೈಮೇಲೆ ಹಾಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಒತ್ತಬೇಕು. ಒಂದು ಬೆರಳು ಹಿಡಿದರೆ ಒಂದು, ಅಂಗೈ ಪೂರಾ ಹಿಡಿದರೆ ಐದು. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಷ್ಟೇ. ಬಾಯಲ್ಲಿ ಎಷ್ಟು ಸುಳ್ಳು ಹೇಳಿದರೂ ಸಂತೆಯಲ್ಲಿ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಟವೆಲ್ ಮರೆಯಲ್ಲಿ ಸುಳ್ಳು ಹೇಳಿದವನ ಕೈಯನ್ನು ಮಾತ್ರ ಮರುವಾರ ಯಾರೂ ಮುಟ್ಟುವುದಿಲ್ಲ.

ಇಂಥ ಮನುಷ್ಯನ ಎಡಪಕ್ಕೆಗೆ ಒಂದು ಹೋರಿ ಹಾಯ್ದಿತು. ಹೋರಿಯ ತಪ್ಪೇನೂ ಇರಲಿಲ್ಲ. ಹಲ್ಲು ನೋಡಿ ವಯಸ್ಸು ಹೇಳುವ ಹುರುಪಿನಲ್ಲಿ ಇವನೇ ಅದರ ಬಾಯಿಗೆ ಕೈ ಹಾಕಿದ್ದ. ಜೊತೆಯ ದಲ್ಲಾಳಿ ಪೀರಾ ಸಾಬ್ ಒಂದು ಜೀಪು ಹಿಡಿದು, ಕನಕಪ್ಪನನ್ನೂ ಅವನ ಹೆಂಡತಿ ರೇಣುಕಮ್ಮನನ್ನೂ ಕೂಡಿಸಿಕೊಂಡು ರಾಯಚೂರಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿಗೆ ತಂದ. ದಾರಿಯುದ್ದಕ್ಕೂ ಕನಕಪ್ಪ ಒಂದು ಸಲವೂ ನರಳಲಿಲ್ಲ. ನರಳಿದರೆ ರೇಣುಕಮ್ಮನ ಉಸಿರು ಕಟ್ಟುತ್ತದೆ ಎಂಬ ಅಂಜಿಕೆ.

ಅವಳಿಗೆ ಹಾಗೊಂದು ತ್ರಾಸು. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಇನ್ನೇನು ಜೀವ ಹೋಯಿತು ಅನ್ನಿಸಿಬಿಡುತ್ತದೆ. ಮಾನ್ವಿಯಲ್ಲಿ ತೋರಿಸಿದಾಗ ಹೃದಯ ಚೆನ್ನಾಗಿದೆ, ಇದು ಗಾಬರಿ ಅಷ್ಟೇ ಎಂದಿದ್ದರು. ಆ ‘ಅಷ್ಟೇ’ಯನ್ನು ಕನಕಪ್ಪ ಗಟ್ಟಿಯಾಗಿ ಹಿಡಿದುಕೊಂಡ. ಅವಳು ಎದೆ ಹಿಡಿದುಕೊಂಡಾಗಲೆಲ್ಲ ಏನೂ ಆಗಿಲ್ಲ, ನೀರು ಕುಡಿ ಎನ್ನುತ್ತಿದ್ದ. ಅವಳು ಕುಡಿಯುತ್ತಿದ್ದಳು. ಹದಿನೈದು ವರ್ಷ ಹೀಗೆ ಕುಡಿದ ನೀರಿಗೆ ಒಂದು ಸಣ್ಣ ಕೆರೆಯಾದರೂ ತುಂಬುತ್ತಿತ್ತು.

ವಾರ್ಡಿನ ಡಾಕ್ಟರ್ ಬಸವಪ್ರಸಾದ ಇನ್ನೂ ಮೀಸೆ ಸರಿಯಾಗಿ ಬಲಿಯದ ತರುಣ. ಎಕ್ಸ್‌ರೇ ನೋಡಿ ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ ಎಂದ. ಸ್ಕ್ಯಾನಿನಲ್ಲಿ ಸದ್ಯ ಏನೂ ಕಾಣುತ್ತಿಲ್ಲ, ಆದರೆ ನೋವು ಇಳಿಯದಿದ್ದರೆ ಒಳಗೆ ರಕ್ತ ಒಸರುತ್ತಿರಬಹುದು, ಅದು ಜೀವಕ್ಕೇ ಬರುತ್ತದೆ, ಹಾಗಾದರೆ ಎರಡು ದಿನ ಇಟ್ಟುಕೊಂಡು ಮತ್ತೆ ನೋಡಬೇಕು ಎಂದ. ಇಂಜೆಕ್ಷನ್ ಒಂದು ಕೊಟ್ಟದ್ದಾಗಿತ್ತು. ಅದರ ಜೊತೆಗೆ ತಾನು ಹೊಸದಾಗಿ ಕಲಿತು ಬಂದ ಆಕ್ಯುಪಂಕ್ಚರ್ ಮಾಡುತ್ತೇನೆ, ನೋವೂ ಇಳಿಯುತ್ತದೆ ಗಾಬರಿಯೂ ಇಳಿಯುತ್ತದೆ ಎಂದು ಕೂದಲಿನಷ್ಟು ಸಣ್ಣ ಸೂಜಿಗಳನ್ನು ತೆಗೆದು ತೋರಿಸಿದ. ಅದರಲ್ಲಿ ಔಷಧ ಎಲ್ಲಿ ತುಂಬುತ್ತೀರಿ ಎಂದು ಪೀರಾ ಸಾಬ್ ಕೇಳಿದ. ಔಷಧ ಇಲ್ಲ ಎಂದು ಗೊತ್ತಾದಾಗ, ದನಕ್ಕೂ ಯಾರೂ ಖಾಲಿ ಸೂಜಿ ಚುಚ್ಚುವುದಿಲ್ಲವಲ್ಲ ಎಂದು ಗೋಡೆಯ ಕಡೆ ತಿರುಗಿ ಹೇಳಿದ.

ಡಾಕ್ಟರ್ ಕಾಗದ ಹಿಡಿದುಕೊಂಡು ಮಂಚದ ಹತ್ತಿರ ಬಂದ. “ಸೊನ್ನಿ ಅಂದ್ರ ನೋವು ಇಲ್ಲ, ಹತ್ತು ಅಂದ್ರ ತಡಕೊಳ್ಳಾಕ ಆಗದಷ್ಟು. ಈಗ ಎಷ್ಟು ಅದ ಹೇಳ್ರಿ.”

ಕನಕಪ್ಪ ಯೋಚನೆಗೆ ಬಿದ್ದ. ಈ ವ್ಯವಹಾರದಲ್ಲಿ ತಾನು ಮಾರುವವನೋ, ಕೊಳ್ಳುವವನೋ? ನೋವನ್ನು ಡಾಕ್ಟರಿಗೆ ದಾಟಿಸುವುದಾದರೆ ತಾನು ಮಾರುವವನು, ಏರಿಸಿ ಹೇಳಬೇಕು. ಮನೆಗೆ ಹೋಗುವ ಚೀಟಿ ಕೊಳ್ಳುವುದಾದರೆ ಇಳಿಸಿ ಹೇಳಬೇಕು. ಬಾಗಿಲ ಹತ್ತಿರದ ಬೆಂಚಿನಲ್ಲಿ ರೇಣುಕಮ್ಮ ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು ಇವನನ್ನೇ ನೋಡುತ್ತಿದ್ದಳು. ತನ್ನನ್ನು ಇಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಅವಳ ಕಿವಿಗೆ ಬಿದ್ದರೆ ಅವಳು ಅಲ್ಲೇ ಕುಸಿಯುತ್ತಾಳೆ. ಹೇಗಾದರೂ ಮಾಡಿ ಸಂಜೆಯೊಳಗೆ ಅವಳನ್ನು ಮನೆ ಮುಟ್ಟಿಸಬೇಕು. ಕನಕಪ್ಪ ಗಟ್ಟಿ ದನಿಯಲ್ಲಿ ಎರಡು ಎಂದ.

ಹಣೆಯ ಮೇಲೆ ಬೆವರು ಧಾರೆಯಾಗಿ ಇಳಿಯುತ್ತಿರುವ ಮನುಷ್ಯನ ನೋವು ಎರಡಿರಲಾರದು ಎಂದು ಡಾಕ್ಟರ್ ಆರು ಅಂದಾಜು ಮಾಡಿದ. ಎರಡರ ಎದುರಿಗೆ ಆರು ಕೇಳಿದ್ದೇ ತಡ, ಪೀರಾ ಸಾಬನೊಳಗಿನ ದಲ್ಲಾಳಿ ಎದ್ದು ಕೂತ. ಇಬ್ಬರ ನಡುವೆ ಬಂದು ನಿಂತು, ಡಾಕ್ಟರನ್ನು ಒಂದು ಪಕ್ಕಕ್ಕೆ ಕರೆದು ಪಾರ್ಟಿ ಒಳ್ಳೆಯವನೆಂದ, ಕನಕಪ್ಪನ ಕಿವಿಯಲ್ಲಿ ಡಾಕ್ಟರ್ ಇನ್ನೂ ಹುಡುಗ, ಹಟ ಹಿಡಿಯಬೇಡವೆಂದ. ಎರಡು ಮೂರಾಯಿತು. ಆರು ಐದಾಯಿತು. ಕಡೆಗೆ ನಾಲ್ಕಕ್ಕೆ ಮುಗಿಸಿ ಇಬ್ಬರ ಕೈಯನ್ನೂ ಹಿಡಿದು ಕೂಡಿಸಿಬಿಟ್ಟ. ಬಸವಪ್ರಸಾದನಿಗೆ ತಾನು ಏನು ಓದಿದ್ದೇನೆ ಎಂಬುದರ ಮೇಲೇ ಅನುಮಾನ ಬಂತು.

ಇದನ್ನೆಲ್ಲ ನೋಡುತ್ತಿದ್ದ ನರ್ಸ್ ಸುನಂದಾ ಮಾನ್ವಿ ಕಡೆಯ ಒಕ್ಕಲಿನ ಮನೆಯವಳು, ಅಪ್ಪನ ಹಿಂದೆ ದನದ ಸಂತೆ ತಿರುಗಿದವಳು. ಅವಳು ಕನಕಪ್ಪನ ಹೆಗಲ ಮೇಲಿನ ಟವೆಲ್ ಎಳೆದು ಅವನ ಬಲಗೈ ಮೇಲೆ ಹಾಸಿ, ಕೆಳಗೆ ತನ್ನ ಕೈ ತೂರಿಸಿದಳು. ಕನಕಪ್ಪ ತಬ್ಬಿಬ್ಬಾದ. ಬೆರಳುಗಳು ಅವನ ಅಪ್ಪಣೆ ಕೇಳಲಿಲ್ಲ. ಮೊದಲು ಅಂಗೈ ಪೂರಾ ಹಿಡಿದವು, ಆಮೇಲೆ ಮೂರು ಬೆರಳು. ಸುನಂದಾ ಕಾಗದದ ಮೇಲಿನ ನಾಲ್ಕನ್ನು ಹೊಡೆದು ಎಂಟು ಎಂದು ಬರೆದಳು.

ಡಾಕ್ಟರ್ ಕೈಗೆ ಎರಡು, ಪಾದಕ್ಕೆ ಎರಡು, ಕಿವಿಗೊಂದು ಸೂಜಿ ನಿಲ್ಲಿಸಿ ಇಪ್ಪತ್ತು ನಿಮಿಷ ಅಲುಗಾಡಬೇಡಿ ಎಂದ. ಅಷ್ಟರಲ್ಲಿ ಟವೆಲ್ಲಿನ ಸುದ್ದಿ ವಾರ್ಡಿನ ತುಂಬ ಹಬ್ಬಿತ್ತು. ಕಿಡ್ನಿಯಲ್ಲಿ ಕಲ್ಲಾಗಿ ಬಂದಿದ್ದ ಸಿರವಾರದ ವ್ಯಾಪಾರಿಯೊಬ್ಬ ತನ್ನ ನೋವನ್ನು ಹೀಗೆ ಹತ್ತು ಮಂದಿಯ ಎದುರು ಕೇಳಬಾರದು, ಗುಟ್ಟಾಗಿ ಕೇಳಬೇಕು ಎಂದು ಪಟ್ಟು ಹಿಡಿದ. ಟವೆಲ್ ಹಾಸಿದರೆ ಹದಿನೈದು ಒತ್ತಿದ. ಹತ್ತರ ಮೇಲೆ ಇಲ್ಲ ಎಂದು ಡಾಕ್ಟರ್ ಎಷ್ಟು ಹೇಳಿದರೂ ಹನ್ನೊಂದರ ಕೆಳಗೆ ಇಳಿಯಲಿಲ್ಲ. ಕೈ ಮುರಿದುಕೊಂಡು ಬಂದಿದ್ದ ಜಾಲಹಳ್ಳಿಯ ಮುದುಕಿ, ನೀವು ಓದಿದವರು, ನ್ಯಾಯವಾದ ಒಂದು ಲೆಕ್ಕ ನೀವೇ ಹಾಕಿಕೊಳ್ಳಿ ಎಂದಳು. ರೋಗಿಗಳ ಕಡೆಯವರು ಯಾರ ಮೊಣಕೈ ಎಷ್ಟು ಅಲುಗಿತು ಎಂದು ನೋಡಿ ನೋವು ಎಣಿಸತೊಡಗಿದರು. ಪೀರಾ ಸಾಬ್ ಮಂಚದಿಂದ ಮಂಚಕ್ಕೆ ಓಡಾಡಿ ಎಲ್ಲರನ್ನೂ ಒಂದು ಒಪ್ಪಂದಕ್ಕೆ ತರುತ್ತಿದ್ದ. ಸುನಂದಾ ಟವೆಲ್ ಸಾಲದೆ ಕಪಾಟಿನಿಂದ ಹಾಸಿಗೆಯ ಚಾದರ ತಂದಳು.

ಇಪ್ಪತ್ತು ನಿಮಿಷಕ್ಕೆ ಡಾಕ್ಟರ್ ತಿರುಗಿ ಬಂದು ಈಗೆಷ್ಟು ಎಂದು ಕೇಳಿದ. ಸುನಂದಾ ಚಾದರದ ಗದ್ದಲದಲ್ಲಿ ದೂರ ಇದ್ದದ್ದನ್ನು ನೋಡಿಕೊಂಡು ಕನಕಪ್ಪ ಒಂದು ಎಂದ. ಎಂಟಿದ್ದದ್ದು ಒಂದಾಯಿತೆಂದರೆ ಬಸವಪ್ರಸಾದನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸೂಜಿ ತೆಗೆದು, ಮನೆಗೆ ಹೋಗುವ ಚೀಟಿ ಬರೆಯಲು ಮೇಜಿನ ಕಡೆ ಹೊರಟೇಬಿಟ್ಟ. ಕನಕಪ್ಪ ಗೆದ್ದೆನೆಂದುಕೊಂಡು ಉಸಿರು ಬಿಡಲು ಹೋದ. ಅರ್ಧಕ್ಕೇ ಪಕ್ಕೆ ಕೊಯ್ದಂತಾಗಿ ಬಾಯಿ ಮುಚ್ಚಿಕೊಂಡ.

ಆ ಅರ್ಧ ಉಸಿರನ್ನು ರೇಣುಕಮ್ಮ ನೋಡಿದಳು. ಬೆಂಚಿನಿಂದ ಎದ್ದು ಬಂದವಳ ತುಟಿ ಬಿಳಚಿತ್ತು, ಎದೆ ಏರಿಳಿಯುತ್ತಿತ್ತು. ಏನೂ ಆಗಿಲ್ಲ, ನೀರು ಕುಡಿ ಎಂದು ಕನಕಪ್ಪ ಶುರುಮಾಡಿದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಮಂಚದ ಮೇಲೆ ಬಿದ್ದಿದ್ದ ಟವೆಲ್ ತೆಗೆದು ಅವನ ಕೈಮೇಲೆ ಹಾಸಿದಳು.

“ಬಾಯಿಲೆ ಹೇಳಬ್ಯಾಡ್ರಿ. ಇಲ್ಲಿ ಹೇಳ್ರಿ.”

ಹೆಂಗಸರು ದಲ್ಲಾಳಿಯ ಟವೆಲ್ಲಿನ ಕೆಳಗೆ ಕೈ ಹಾಕಿದ್ದನ್ನು ಕನಕಪ್ಪ ಇವತ್ತೇ ಮೊದಲು ಕಂಡದ್ದು, ಅದೂ ಒಂದೇ ದಿನ ಎರಡು ಸಲ. ಲೆಕ್ಕ ಯಾವಾಗ ಕಲಿತೆ ಎಂದು ಕೇಳಬೇಕೆನ್ನಿಸಿತು. ನಲವತ್ತು ವರ್ಷ ಮೈಮೇಲಿದ್ದ ಬಟ್ಟೆ, ಅದರ ಕೆಳಗೆ ಸುಳ್ಳು ಬರಲಿಲ್ಲ. ಅಂಗೈ ಪೂರಾ ಹಿಡಿದ, ಆಮೇಲೆ ಎರಡು ಬೆರಳು. ಎಂಟು ಏಳಾಗಿತ್ತು. ಸೂಜಿಯ ಮರ್ಯಾದೆಗೆ ಒಂದು ಇಳಿದಿತ್ತು.

ಇನ್ನು ಇವಳು ಬಿದ್ದಳು ಎಂದು ಅವನು ಕಣ್ಣು ಮುಚ್ಚಿಕೊಂಡ. ರೇಣುಕಮ್ಮ ಬೀಳಲಿಲ್ಲ. ನಿಂತಲ್ಲೇ ಏಳನ್ನು ಎರಡು ಸಲ ಬೆರಳಿನಲ್ಲಿ ಎಣಿಸಿ ನೋಡಿಕೊಂಡಳು.

“ಏಳಽ ಹೌದಲ್ಲ? ನೀವು ಎರಡು, ಒಂದು ಅಂತ ಹೇಳಾಕತ್ತಿದ್ರಿ. ನಾನು ಇಪ್ಪತ್ತು ಇರಬೇಕು, ಅದಕ್ಕಽ ಮುಚ್ಚಿಡಾಕತ್ತಾರ ಅಂತ ತಿಳಕೊಂಡಿದ್ದೆ.”

ಮೇಜಿನ ಕಡೆ ತಿರುಗಿ, ಚೀಟಿ ಬರೆಯಬೇಡಿ ಸಾಹೇಬರೇ, ಏಳಿದೆ, ಇಟ್ಟುಕೊಳ್ಳಿ ಎಂದು ಡಾಕ್ಟರಿಗೆ ಹೇಳಿದಳು. ಬಸವಪ್ರಸಾದ ಪೆನ್ನು ಕೆಳಗಿಟ್ಟು ಸ್ಕ್ಯಾನಿನವರಿಗೆ ಫೋನ್ ಮಾಡಿದ. ಪೀರಾ ಸಾಬ್ ಐದಕ್ಕೆ ಮುಗಿಸೋಣವೇ ಎಂದು ಬಾಯಿ ತೆರೆದವನು ಅವಳ ಮುಖ ನೋಡಿ ಪಕ್ಕದ ಮಂಚದ ಕಡೆ ನಡೆದ.

ಅವಳ ಕೈ ಇನ್ನೂ ಟವೆಲ್ಲಿನ ಕೆಳಗೇ ಇತ್ತು. ಐಸಿನಂತೆ ತಣ್ಣಗಿತ್ತು, ಸಣ್ಣಗೆ ನಡುಗುತ್ತಿತ್ತು. ಈ ನಡುಕವನ್ನು ಮನೆಯಲ್ಲಿ ಎಷ್ಟೋ ಸಲ ದೂರದಿಂದ ನೋಡಿದ್ದೇನೆ, ಹಿಡಿದು ನೋಡಿದ್ದಿಲ್ಲ ಎಂದು ಕನಕಪ್ಪನಿಗೆ ಆಗ ಹೊಳೆಯಿತು. ಅವನಿಗೆ ನಾಚಿಕೆಯಾಯಿತು. ತಗ್ಗಿದ ದನಿಯಲ್ಲಿ ಕೇಳಿದ.

“ನಿಂದೆಷ್ಟು?”

ರೇಣುಕಮ್ಮ ಆಚೀಚೆ ನೋಡಿದಳು. ಹದಿನೈದು ವರ್ಷದಲ್ಲಿ ಅವಳನ್ನು ಯಾರೂ ಕೇಳಿರದ ಪ್ರಶ್ನೆ. ತಡೆದು ತಡೆದು ಅವನ ಅಂಗೈ ಹಿಡಿದಳು. ಬಿಟ್ಟಳು. ಆಮೇಲೆ ಒಂದು ಬೆರಳು, ಎರಡು, ಮೂರು. ಅಲ್ಲಿಗೆ ಮುಗಿಯಿತೆಂದುಕೊಳ್ಳುವಷ್ಟರಲ್ಲಿ ಕಿರುಬೆರಳನ್ನೂ ಹಿಡಿದು ಒತ್ತಿದಳು.

ಒಂಬತ್ತು. ಅವನ ಏಳಕ್ಕಿಂತ ಎರಡು ಹೆಚ್ಚು.

ಬಂದ ಸಂಖ್ಯೆಯನ್ನು ಇಳಿಸಿ ಕೇಳುವುದು ಕನಕಪ್ಪನ ಕಸುಬು. ಆದರೆ ಆವತ್ತು ಅವನು ಒಂದೂ ಕಡಿಮೆ ಕೇಳಲಿಲ್ಲ. ಪಕ್ಕೆ ಕೈಯಲ್ಲಿ ಒತ್ತಿಹಿಡಿದು ಮಂಚದ ಅಂಚಿಗೆ ಸರಿದು, ಅವಳಿಗೆ ಕೂರಲು ಜಾಗ ಮಾಡಿದ.

“ಡಾಕ್ಟ್ರೇ, ಈಕಿದು ಒಂಬತ್ತು ಅದ. ಆ ಸೂಜಿ ಮೊದಲ ಈಕಿಗೆ ಹಾಕ್ರಿ.”