ಕಾರಿನ ಹಿಂದೆ ಬಿದ್ದ ಹಿಮ

ಆ ಚಳಿಗಾಲ ನ್ಯೂಯಾರ್ಕಿನ ಹತ್ತಿರದ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರಿಗೂ ಸಾಕುಸಾಕಾಗಿ ಹೋಗಿತ್ತು. ಟೀವಿಯವರು ಹಿಮದ ಸ್ಟಾರ್ಮ್ ಬರುತ್ತದೆ ಎನ್ನುತ್ತಿದ್ದರು. ಜನ ಅಂಗಡಿಗೆ ಓಡಿ ಹಾಲು, ಬ್ರೆಡ್ಡಿಗೆ ಸಾಲು ನಿಲ್ಲುತ್ತಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆ ಹಿಟ್ಟು ಉದುರಿಸಿದಷ್ಟು ಹಿಮ. ಮತ್ತೆ ಕಾರಿನ ಗಾಜು ಕೆರೆದು, ಸ್ಟೇಷನ್ನಿಗೆ ಹೋಗಿ, ರೈಲು ಹಿಡಿಯುವುದು. ಹೀಗೆ ಆಗಿ ಆಗಿ, ಎಚ್ಚರಿಕೆ ಎಂಬ ಮಾತು ಕೇಳಿದರೆ ಜನ ಟೀವಿಯ ದನಿ ಸಣ್ಣದು ಮಾಡುವಂತಾಗಿತ್ತು.

ಮುರುಗೆಪ್ಪ ಅಂಥವರಲ್ಲಿ ಒಬ್ಬ. ಬಾಗಲಕೋಟೆ ಕಡೆಯವನು. ನ್ಯೂಯಾರ್ಕಿನ ಒಂದು ಬ್ಯಾಂಕಿನಲ್ಲಿ ಕನ್ಸಲ್ಟೆಂಟ್. ಕಂಪ್ಯೂಟರುಗಳಿಗೆ ಎರಡು ಸಾವಿರದ ಇಸವಿ ತಂದ ವೈಟೂಕೆ ಗಲಾಟೆ ಮುಗಿದಿದ್ದರೂ ಅವನ ಸೊಂಟದಿಂದ ಪೇಜರ್ ಇಳಿದಿರಲಿಲ್ಲ. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟರೆ ಕತ್ತಲಾದ ಮೇಲೆ ಬರುತ್ತಿದ್ದ. ಮನೆಯಲ್ಲಿ ಹೆಂಡತಿ ಸುಧಾಮಣಿ, ಒಂದನೆಯ ತರಗತಿಯ ಮಗಳು ಸಿರಿ, ದೀಪಾವಳಿ ಮುಗಿಸಿಕೊಂಡು ಊರಿನಿಂದ ಬಂದಿದ್ದ ತಾಯಿ ಕಾಶಿಬಾಯಿ.

ಒಂದು ಸಂಜೆ ಅವನು ಬಂದು ಬೂಟು ಬಿಚ್ಚುವಾಗ ಸುಧಾಮಣಿ ಹೇಳಿದಳು. "ನಾಳೆ ಜೋರ ಸ್ನೋ ಐತಂತ್ರಿ. ನಳಿನಕ್ಕ ಫೋನ್ ಮಾಡಿದ್ರು. ರೇಡಿಯೋಕ್ಕ ಸೆಲ್ ತಂದಿಡ್ರಿ ಅಂದ್ರು."

"ಹೋದ ವಾರಾನೂ ಹಿಂಗ ಅಂದ್ರು. ಅದರ ಹಿಂದಿನ ವಾರಾನೂ ಅಂದ್ರು. ಏನ್ ಬಂತು? ಈಗಷ್ಟ ಬಂದು ಕುಂತೇನಿ. ಮತ್ತ ಹೊರಗ ಹೋಗಂತಿ?"

ಸುಧಾಮಣಿ ಅವನ ಬೂಟು ಮೂಲೆಗೆ ಸರಿಸಿದಳು. ಅವನ ಮುಖ ನೋಡಿದರೆ ಮತ್ತೊಂದು ಮಾತು ಆಡುವ ಮನಸ್ಸು ಯಾರಿಗೂ ಬರುವಂತಿರಲಿಲ್ಲ.

ಅಷ್ಟರಲ್ಲಿ ನಳಿನಾಕ್ಷಿಯೇ ಬಾಗಿಲು ತಟ್ಟಿದರು. ಉಡುಪಿ ಕಡೆಯವರು. ಎದುರಿನ ಬಿಲ್ಡಿಂಗಿನಲ್ಲಿ ಬಹಳ ವರ್ಷದಿಂದ ಇದ್ದಾರೆ. ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ನರ್ಸ್. ಕೋಟಿನ ಕೆಳಗೆ ಇನ್ನೂ ಡ್ಯೂಟಿಯ ಬಟ್ಟೆಯೇ ಇತ್ತು.

"ಕೂರುವುದಕ್ಕೆ ಪುರುಸೊತ್ತಿಲ್ಲ ಮುರುಗೆಪ್ಪನವರೆ. ಈ ಸಲದ್ದು ದೊಡ್ಡದು ಉಂಟು. ಕರೆಂಟ್ ಹೋದ್ರೆ ನಮ್ಮ ಹೀಟಿಂಗ್ ನಡೆಯುವುದಿಲ್ಲ, ಒಲೆಯೂ ಇಲ್ಲ. ಅಮ್ಮನ ಬಿಪಿ ಮಾತ್ರೆ ಸಾಕಷ್ಟು ಉಂಟಾ? ಗೋಡೆಗೆ ಸಿಕ್ಕಿಸುವ ಫೋನ್ ಉಂಟಾ?"

"ಕಾರ್ಡ್‌ಲೆಸ್ ಐತಲ್ರಿ."

"ಕರೆಂಟ್ ಇಲ್ಲದಿದ್ರೆ ಅದು ಸತ್ತ ಹಾಗೆಯೇ. ಮತ್ತೆ, ಚಳಿ ಅಂತ ಬಾಲ್ಕನಿಯಲ್ಲಿರುವ ಗ್ರಿಲ್ ಒಲೆ ಒಳಗೆ ತಂದು ಇದ್ದಿಲು ಉರಿಸಬೇಡಿ. ಕಾರಿನದ್ದೂ ಒಂದು ವಿಷಯ ಉಂಟು, ಅದೇನಂದ್ರೆ..."

"ಆತ್ರಿ, ಆತ್ರಿ. ಬರೂದು ಬರಲಿ, ಆಮ್ಯಾಲ ನೋಡೂಣು," ಎಂದ ಮುರುಗೆಪ್ಪ. ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಕೇಳಿಸಿಕೊಳ್ಳುವ ಶಕ್ತಿ ಉಳಿದಿರಲಿಲ್ಲ, ಅಷ್ಟೆ.

ನಳಿನಾಕ್ಷಿ ವಾದ ಮಾಡಲಿಲ್ಲ. ಹತ್ತು ಮನೆಗೆ ಇದನ್ನೇ ಹೇಳಿ ಅವರಿಗೂ ಸಾಕಾಗಿತ್ತು. "ಏನಾದರೂ ಬೇಕಾದ್ರೆ ಬನ್ನಿ," ಎಂದು ಹೇಳಿ ಮೆಟ್ಟಿಲಿಳಿದರು.

ಮರುದಿನ ಹಿಮ ಬಂತು. ಮೊದಲು ಮಳೆ, ಆಮೇಲೆ ಐಸು, ಆಮೇಲೆ ಬಿಡದೆ ಹಿಮ. ಇಡೀ ದಿನ ಸುರಿಯಿತು. ಗಾಳಿ ಅದನ್ನು ಎತ್ತಿ ಎತ್ತಿ ಗೋಡೆಗೆ, ಕಾರಿಗೆ ಒಟ್ಟಿತು. ಸಂಜೆಗೆ ಎಲ್ಲೋ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ಇಡೀ ಕಾಂಪ್ಲೆಕ್ಸಿನ ದೀಪ ಒಟ್ಟಿಗೇ ಆರಿತು. ಫ್ರಿಜ್ಜಿನ ಸದ್ದು ನಿಂತಿತು, ಹೀಟರಿನ ಗಾಳಿ ನಿಂತಿತು. ನಾಲ್ಕೂ ಜನ ಇದ್ದಬದ್ದ ರಜಾಯಿಗಳನ್ನೆಲ್ಲ ಹೊದ್ದು ಒಂದೇ ಕೋಣೆಯಲ್ಲಿ ಮಲಗಿದರು.

ಬೆಳಿಗ್ಗೆ ಎದ್ದಾಗ ಮಾತನಾಡಿದರೆ ಬಾಯಿಂದ ಹಬೆ ಬರುತ್ತಿತ್ತು. ಹೊರಗೆ ಹಿಮ ನಿಂತಿತ್ತು, ಬಿಸಿಲೂ ಬಂದಿತ್ತು. ಚಳಿ ಮಾತ್ರ ಇನ್ನಷ್ಟು ಹೆಚ್ಚಿತ್ತು. ಕಾಶಿಬಾಯಿಗೆ ಚಹಾ ಇಲ್ಲ. ಸಿರಿ ಅಜ್ಜಿಯ ಸೆರಗಿನೊಳಗೆ ಕಾಲು ತೂರಿಸಿಕೊಂಡು, "ಅಜ್ಜಿ, ಮೈ ಟೋಸ್ ಆರ್ ಫ್ರೀಜಿಂಗ್," ಎನ್ನುತ್ತಿದ್ದಳು.

ಮುರುಗೆಪ್ಪ ಬಾಲ್ಕನಿಯ ಬಾಗಿಲಿಗೆ ಕೈ ಹಾಕಿದ. "ಗ್ರಿಲ್ ಒಳಗ ತರ್ತೀನಿ. ಅವ್ವಗ ಚಾನೂ ಆಗತೈತಿ, ಮನೀನೂ ಬೆಚ್ಚಗ ಆಗತೈತಿ."

ಸುಧಾಮಣಿ ಅಡ್ಡ ಬಂದಳು. "ಬ್ಯಾಡ್ರಿ. ಅದನ್ನ ಒಳಗ ತರಬ್ಯಾಡ್ರಿ ಅಂತನ ನಳಿನಕ್ಕ ಹೇಳಿದ್ದು."

ಅವನು ಬಾಗಿಲಿನಿಂದ ಕೈ ತೆಗೆದ. "ಹಂಗಾರ ಕಾರಿನಾಗ ಕುಂಡ್ರಸ್ತೀನಿ. ಹೀಟರ್ ಹಚ್ಚಿದ್ರ ಬೆಚ್ಚಗ ಇರತೈತಿ. ಅಷ್ಟರಾಗ ನಾ ಸ್ನೋ ತೆಗದಿರ್ತೀನಿ. ದಾರಿ ಆತಂದ್ರ ಎಲ್ಲಾರೂ ಎಡಿಸನ್ನಿಗೆ ಬದರಿ ಮನಿಗೆ ಹೋಗಿಬಿಡೂಣು."

ಹತ್ತಿರದ ಊರು ಎಡಿಸನ್ನಿನಲ್ಲಿದ್ದ ಬದರಿ ಅವನ ಆಫೀಸಿನ ಗೆಳೆಯ. ಅವರಲ್ಲಿ ಕರೆಂಟು ಇದೆಯೋ ಇಲ್ಲವೋ ಯಾರಿಗೂ ತಿಳಿಯದು. ಕೇಳಲು ಫೋನು ಸತ್ತಿತ್ತು. ಆದರೂ ಆ ಯೋಚನೆ ಆ ಹೊತ್ತಿಗೆ ಎಲ್ಲರಿಗೂ ಸರಿ ಎನಿಸಿತು.

ಪಾರ್ಕಿಂಗಿನಲ್ಲಿ ಕಾರುಗಳೆಲ್ಲ ಬಿಳಿ ದಿಬ್ಬಗಳಾಗಿದ್ದವು. ಮುರುಗೆಪ್ಪ ತನ್ನ ಕಾರಿನ ಬಾಗಿಲಿನ ಬಳಿ ಮಾತ್ರ ಹಿಮ ಸರಿಸಿ, ಎಂಜಿನ್ ಸ್ಟಾರ್ಟ್ ಮಾಡಿದ. ತಾಯಿಯ ಕೈ ಹಿಡಿದು ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿದ. ಮಗಳನ್ನು ಪಕ್ಕಕ್ಕೆ ಕೂರಿಸಿ ಇಬ್ಬರಿಗೂ ರಜಾಯಿ ಹೊದಿಸಿದ. ಚಳಿ ಗಾಳಿ ಹೋಗಬಾರದೆಂದು ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದ. ಹೀಟರಿನ ಗಾಳಿ ಬೆಚ್ಚಗಾದಾಗ ಕಾಶಿಬಾಯಿ, "ಜೀವ ಬಂತಪ್ಪ," ಎಂದರು. ಅವನಿಗೂ ಸಮಾಧಾನವಾಯಿತು.

ಆಮೇಲೆ ಸಲಿಕೆ ಹಿಡಿದು ಕಾರಿನ ಪಕ್ಕದಿಂದ ಮುಂದಕ್ಕೆ ಹಿಮ ತೆಗೆಯತೊಡಗಿದ. ಮೇಲಿನ ಹಿಮ ಹಗುರ, ಕೆಳಗಿನದು ಕಲ್ಲು. ತೆಗೆದದ್ದನ್ನು ಎಲ್ಲಿ ಹಾಕುವುದು? ಆ ಕಡೆ ಪಕ್ಕದವರ ಕಾರು, ಈ ಕಡೆ ಕಟ್ಟೆ. ಅವನು ಹಿಂದಕ್ಕೆ ಎಸೆಯುತ್ತ ಹೋದ. ಕಾರಿನ ಹಿಂಭಾಗ ಮೊದಲೇ ಬಂಪರಿನ ಮಟ್ಟಕ್ಕೆ ಹೂತಿತ್ತು. ಅದರ ಮೇಲೆ ಇದೂ ಬಿತ್ತು. ನಡುವೆ ಪೇಜರ್ ಬಡಿದುಕೊಂಡಿತು. ಕೈಗವಸು ಬಿಚ್ಚಿ ನೋಡಿದ. ಆಫೀಸಿನದೇ. ಮತ್ತೆ ಸಿಕ್ಕಿಸಿಕೊಂಡು ಸಲಿಕೆ ಹಿಡಿದ. ಸೊಂಟ ಹಿಡಿದುಕೊಂಡಿತ್ತು. ತಲೆ ಎತ್ತಿ ಕಾರಿನೊಳಗೆ ನೋಡಲಿಲ್ಲ. ಬೆಚ್ಚಗೆ ಕುಳಿತಿದ್ದಾರೆ ಎಂದುಕೊಂಡಿದ್ದ.

ನಳಿನಾಕ್ಷಿ ಅಕ್ಕಪಕ್ಕದವರನ್ನು ವಿಚಾರಿಸಿಕೊಳ್ಳಲು ಹೊರಗೆ ಬಂದಿದ್ದರು. ಎಂಜಿನ್ನಿನ ಸದ್ದು ಕೇಳಿ ತಿರುಗಿ ನೋಡಿದರು. ಸದ್ದು ಇತ್ತು, ಹಿಂದೆ ಹೊಗೆ ಕಾಣಲಿಲ್ಲ.

"ಮುರುಗೆಪ್ಪನವರೆ, ಕಾರಿನಲ್ಲಿ ಯಾರುಂಟು?"

"ಅವ್ವ, ಸಿರಿ. ಬೆಚ್ಚಗ ಕುಂತಾರ್ರಿ."

ಅವರು ಮೊಣಕಾಲುದ್ದ ಹಿಮದಲ್ಲಿ ಬೀಳುತ್ತ ಏಳುತ್ತ ಓಡಿಬಂದರು. "ಬಾಗಿಲು ತೆಗೀರಿ. ಎಂಜಿನ್ ಆಫ್ ಮಾಡಿ. ಮೊದಲು ಅವರನ್ನು ಹೊರಗೆ ತನ್ನಿ."

ಬಾಗಿಲು ತೆಗೆದಾಗ ಸಿರಿ ಅಜ್ಜಿಯ ತೊಡೆಯ ಮೇಲೆ ವಾಲಿದ್ದಳು. ಕರೆದರೆ ಕಣ್ಣು ಬಿಡಲಿಲ್ಲ. ಕಾಶಿಬಾಯಿ ಕಣ್ಣು ಬಿಟ್ಟಿದ್ದರು, ಮಾತು ತೊದಲುತ್ತಿತ್ತು. ಮುರುಗೆಪ್ಪ ಮಗಳನ್ನು ಎತ್ತಿಕೊಂಡ. ಅವಳ ಕೈ ಜೋತುಬಿತ್ತು. ಸಲಿಕೆ ಎಲ್ಲಿ ಬಿತ್ತೋ ಅವನಿಗೆ ಗೊತ್ತಾಗಲಿಲ್ಲ. "ಸಿರಿ, ಏ ಸಿರಿ," ಎನ್ನುತ್ತ ಹಿಮದಲ್ಲೇ ಕುಳಿತುಬಿಟ್ಟ. ನಳಿನಾಕ್ಷಿ ಎಂಜಿನ್ ಆಫ್ ಮಾಡಿ ಕಾಶಿಬಾಯಿಯನ್ನು ಹೊರಗೆ ಇಳಿಸಿದರು.

ಮನೆಯಲ್ಲಿ ಹೊರಡಲು ಬಟ್ಟೆ ತುಂಬುತ್ತಿದ್ದ ಸುಧಾಮಣಿ ಸದ್ದು ಕೇಳಿ ಬರಿಗಾಲಿನಲ್ಲೇ ಬಂದಳು. ನಳಿನಾಕ್ಷಿ ಅವಳ ಕೈಗೆ ತಮ್ಮ ಮನೆಯ ಕೀಲಿ ಕೊಟ್ಟರು. "ಅಡುಗೆಮನೆ ಗೋಡೆಯಲ್ಲಿ ಫೋನ್ ಉಂಟು, ಅದು ನಡೆಯುತ್ತದೆ. ಆಂಬ್ಯುಲೆನ್ಸಿಗೆ ನೈನ್ ಒನ್ ಒನ್ ಮಾಡು. ಕಾರಿನ ಹೊಗೆ, ಮಗು ಎಚ್ಚರ ಇಲ್ಲ ಅಂತ ಹೇಳು. ಬಿಲ್ಡಿಂಗ್ ನಂಬರ್ ಹೇಳು. ಅವರು ಇಡು ಅನ್ನುವವರೆಗೆ ಫೋನ್ ಇಡಬೇಡ."

ಹಿಮ ತಳ್ಳುವ ಲಾರಿ ಮುಂದೆ, ಆಂಬ್ಯುಲೆನ್ಸ್ ಹಿಂದೆ ಬಂದವು. ಎಷ್ಟು ಹೊತ್ತಿಗೆ ಬಂದವು ಎಂದು ಮುರುಗೆಪ್ಪನನ್ನು ಈಗಲೂ ಕೇಳಬೇಡಿ. ಆ ಹೊತ್ತಿನ ಬಗ್ಗೆ ಅವನು ಮಾತನಾಡುವುದಿಲ್ಲ. ಅವು ಬರುವವರೆಗೆ ನಳಿನಾಕ್ಷಿ ಮಗುವಿನ ಉಸಿರು ನೋಡುತ್ತ ಕುಳಿತಿದ್ದರು. ಸಿರಿ ಒಮ್ಮೆ ಕೆಮ್ಮಿದಳು. ಆಮೇಲೆ ವಾಂತಿ ಮಾಡಿಕೊಂಡಳು. ಆಮೇಲೆ ಅತ್ತಳು. ಫೋನ್ ಮುಗಿಸಿ ಬಂದಿದ್ದ ಸುಧಾಮಣಿ ಆ ಅಳು ಕೇಳಿ ಅವಳಿಗೆ ರಜಾಯಿ ಸುತ್ತಿದಳು.

ಆಸ್ಪತ್ರೆಯಲ್ಲಿ ಇಬ್ಬರ ಮುಖಕ್ಕೂ ಆಕ್ಸಿಜನ್ ಹಾಕಿದರು. ಸಂಜೆಯ ಹೊತ್ತಿಗೆ ಸಿರಿ ಜ್ಯೂಸ್ ಕೇಳಿದಳು. ಕಾಶಿಬಾಯಿ ಎದ್ದು ಕುಳಿತರು. ಮಗ ಹಾಸಿಗೆಯ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಅವ್ವಾ, ನಿನಗ ಏನೂ ಅನಸಲಿಲ್ಲೇನ?"

"ತಲಿ ಸಿಡಿಯಾಕತ್ತಿತ್ತಪ್ಪ. ಹೊಟ್ಟಿ ತೊಳಸಿದಂಗ ಆತು. ಚಾ ಇಲ್ಲದ್ದಕ್ಕ ಹಿಂಗ ಅಂದ್ಕೊಂಡೆ. ಕೂಸು ನಿದ್ದಿ ಬರತೈತಿ ಅಂತು, ಮಲ್ಕೊಳವಾ ಅಂದೆ. ನೀನೂ ದಣದಿದ್ದಿ. ನಿನಗ ಮತ್ಯಾಕ ಹೇಳ್ಲಿ ಅಂತ ಸುಮ್ಮನ ಕುಂತೆ."

ಮುರುಗೆಪ್ಪ ಎದ್ದು ಹೊರಗಿನ ಕಾರಿಡಾರಿಗೆ ಬಂದ. ನಳಿನಾಕ್ಷಿ ಅಲ್ಲಿ ಬೆಂಚಿನ ಮೇಲೆ ಗೋಡೆಗೆ ತಲೆ ಆನಿಸಿ ಕುಳಿತಿದ್ದರು.

"ಅವತ್ತ ನೀವು ಕಾರಿಂದು ಏನೋ ಹೇಳಾಕ ಬಂದಿದ್ರಿ. ಈಗ ಹೇಳ್ರಿ," ಎಂದ.

ಅವರು ಬೈಯಲಿಲ್ಲ. ನಿಧಾನವಾಗಿ ಹೇಳಿದರು. "ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಂತ ಒಂದು ಗಾಳಿ ಉಂಟು. ಬಣ್ಣ ಇಲ್ಲ, ವಾಸನೆ ಇಲ್ಲ. ಹಿಂದಿನ ಎಕ್ಸಾಸ್ಟ್ ಪೈಪ್ ಹಿಮದಲ್ಲಿ ಹೂತುಹೋದ್ರೆ ಅದಕ್ಕೆ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಕಾರಿನ ಅಡಿಯಿಂದ ಒಳಗೇ ಬರುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ಬೆಚ್ಚಗಾಯ್ತು, ಅದಕ್ಕೆ ನಿದ್ದೆ ಬಂತು ಅಂತ ಎಲ್ಲರೂ ತಿಳ್ಕೊಳ್ಳುವುದು."

"ಹಂಗಾರ ಏನ್ ಮಾಡಬೇಕಿತ್ತು?"

"ಮೊದಲು ಹಿಂದೆ ಹೋಗಿ ಪೈಪ್ ಸುತ್ತ ಹಿಮ ತೆಗೆಯಬೇಕು. ಆಮೇಲೆ ಸ್ಟಾರ್ಟ್. ಹಿಮ ಪೂರ್ತಿ ತೆಗೆಯುವವರೆಗೆ ಒಳಗೆ ಯಾರೂ ಕೂರಬಾರದು. ಗ್ರಿಲ್ಲೂ ಹಾಗೆಯೇ, ಅದೇ ಗಾಳಿ." ಗೋಡೆಯಿಂದ ತಲೆ ಎತ್ತಿ ಮತ್ತೆ ಹೇಳಿದರು. "ಇವತ್ತು ಬೆಳಿಗ್ಗೆಯಿಂದ ಶಾಲೆಯ ಜಿಮ್, ಆ ಆಟದ ಹಾಲ್, ತೆಗೆದಿಟ್ಟಿದ್ದಾರೆ, ಕರೆಂಟ್ ಇಲ್ಲದವರಿಗೆ. ಬಿಸಿ ಕಾಫಿಯೂ ಉಂಟಂತೆ. ರೇಡಿಯೋದಲ್ಲಿ ಹೇಳ್ತಾನೇ ಇದ್ರು. ನಿಮಗೂ ಹೇಳುವ ಅಂತಲೇ ನಾನು ಬಂದದ್ದು."

ಮುರುಗೆಪ್ಪನ ಮನೆಯಲ್ಲೂ ರೇಡಿಯೋ ಇತ್ತು. ಸೆಲ್ ಇರಲಿಲ್ಲ.

"ಇದೇ ಆಸ್ಪತ್ರೆಗೆ ಹೋದ ವರ್ಷ ಇದೇ ಗಾಳಿಯಿಂದ ಒಂದು ಮನೆಯವರು ಬಂದಿದ್ದರು," ಎಂದರು ನಳಿನಾಕ್ಷಿ. "ಬಂದವರೆಲ್ಲ ವಾಪಸ್ ಹೋಗಲಿಲ್ಲ. ಅದಕ್ಕೇ ನಾನು ಮನೆ ಮನೆ ತಿರುಗುವುದು. ಯಾರಿಗೂ ಬೇಡ ಅಂತ ನನಗೂ ಗೊತ್ತುಂಟು."

ಮರುದಿನ ಅಜ್ಜಿ, ಮೊಮ್ಮಗಳು ಮನೆಗೆ ಬಂದರು. ಮುಂದಿನ ತಿಂಗಳು ಮತ್ತೆ ಎಚ್ಚರಿಕೆ ಬಂತು. ಮುರುಗೆಪ್ಪ ಅಂದೂ ದಣಿದೇ ರೈಲಿಳಿದ. ಆದರೂ ಮನೆಗೆ ಹೋಗುವ ಮೊದಲು ಸೆಲ್ಲು, ಟಾರ್ಚು, ತಂತಿಯ ಫೋನು, ಕಾರ್ಬನ್ ಮಾನಾಕ್ಸೈಡ್ ಅಲಾರ್ಮು ಕೊಂಡ. ಕಾರಿಗೆ ಪೆಟ್ರೋಲ್ ತುಂಬಿಸಿದ. ಸುಧಾಮಣಿ ಒಲೆ ಬೇಡದ ಊಟಕ್ಕೆಂದು ಅವಲಕ್ಕಿ, ಚಟ್ನಿಪುಡಿ, ಕುಡಿಯುವ ನೀರು ತೆಗೆದಿಟ್ಟಳು. ಕಾಶಿಬಾಯಿಯ ಮಾತ್ರೆ ಮೊದಲೇ ತರಿಸಿದಳು.

ಆ ಸಲ ಬಿದ್ದದ್ದು ಬೆರಳಷ್ಟು ಹಿಮ. ರೈಲಿನಲ್ಲಿ ಬದರಿ ನಕ್ಕ. "ಏನಪ್ಪಾ, ಇಷ್ಟಕ್ಕೆ ಅಷ್ಟೆಲ್ಲ ಸಾಮಾನು ತಂದ್ಯಾ?"

"ಹೂಂ. ಮುಂದಿನ ಸಲಾನೂ ತರ್ತೀನಿ," ಎಂದ ಮುರುಗೆಪ್ಪ. "ನೀನೂ ತಂದಿಡು."

ಓದುತ್ತಿರುವ ನಿಮಗೂ ದಣಿವಾಗಿದೆ, ನಮಗೆ ಗೊತ್ತು. ದಿನದ ರೈಲಿನ ಓಡಾಟ, ಕೆಲಸ, ಮಕ್ಕಳ ಶಾಲೆ, ವೀಸಾದ ಚಿಂತೆ, ಅದರ ಮೇಲೆ ವಾರ ವಾರ ಈ ಎಚ್ಚರಿಕೆ. ಹತ್ತು ಸಲ ಅದು ಸುಳ್ಳಾಗಲಿ. ಹನ್ನೊಂದನೆಯ ಸಲಕ್ಕೂ ಸಿದ್ಧರಾಗಿರಿ. ರೇಡಿಯೋಗೆ ಸೆಲ್ ಹಾಕಿಡಿ, ನಿಮ್ಮ ಟೌನ್‌ಶಿಪ್ ಆಡಳಿತ ಎಲ್ಲಿ ಬೆಚ್ಚಗಿನ ಜಾಗ ತೆರೆದಿದೆ ಎಂದು ಕೇಳಿಕೊಳ್ಳಿ. ಊರಿನಿಂದ ಬಂದ ಹಿರಿಯರಿಗೆ, ಮಕ್ಕಳಿಗೆ ಇಂದೇ ಹೇಳಿಡಿ: ತಲೆ ನೋವು ಬಂದರೆ, ಕಾರಣವಿಲ್ಲದೆ ನಿದ್ದೆ ಬಂದರೆ ಬಾಯಿ ಬಿಟ್ಟು ಹೇಳಬೇಕು, ನಾವು ಎಷ್ಟೇ ದಣಿದಿದ್ದರೂ. ಹಾಗೆ ಹೇಳಿದವರನ್ನು ತಕ್ಷಣ ಹೊರಗಿನ ಗಾಳಿಗೆ ಕರೆತಂದು ನೈನ್ ಒನ್ ಒನ್‌ಗೆ ಫೋನ್ ಮಾಡಿ. ಹಿಮ ಬಿದ್ದ ಬೆಳಿಗ್ಗೆ ಕಾರಿನ ಬಳಿ ಹೋದಾಗ ಬಾಗಿಲಿಗೆ ಹೋಗಬೇಡಿ. ಮೊದಲು ಹಿಂದಕ್ಕೆ ಹೋಗಿ, ಬಗ್ಗಿ, ಆ ಹೊಗೆ ಕೊಳವೆಯ ಬಾಯಿ ಕಾಣುವವರೆಗೆ ಹಿಮ ತೆಗೆಯಿರಿ.